ನಾಲ್ಕು ಲೇಕ್ ವ್ಯೂ, ಒಂದು ಪೇಟ

ನನಗೆ ಆದ ಅನ್ಯಾಯ ಇಷ್ಟು: ಮುಂಬಯಿ ಹತ್ತಿರದ ಡೊಂಬಿವಲಿಯ ಲೇಕ್ ವ್ಯೂ ಎಂಬ ಕಟ್ಟಡದ ತಾರಸಿಯ ಮೇಲೆ ವರ್ಷಗಟ್ಟಲೆ, ಭಾನುವಾರ ಬೆಳಿಗ್ಗೆ, ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಿದವನು ನಾನು. ಅದಕ್ಕಾಗಿ ಠಾಣೆ ಊರಿನ ಒಂದು ಕನ್ನಡ ಸಂಘದವರು ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನಿಸಿದ್ದು ಕಲ್ಯಾಣದ ಲೇಕ್ ವ್ಯೂ ಎಂಬ ಕಟ್ಟಡದಲ್ಲಿದ್ದ, ಒಂದು ಮಗುವಿಗೂ ಅಕ್ಷರ ಕಲಿಸದ, ಇನ್ನೊಬ್ಬ ಮುದುಕನನ್ನು. ಅದರ ಫಲವಾಗಿ ನನ್ನ ತರಗತಿ ತನ್ನ ತಾರಸಿಯನ್ನು ಕಳೆದುಕೊಂಡಿತು. ತಪ್ಪು ಮಾಡಿದವರು ಇಂದಿಗೂ ಇದನ್ನು ಸಣ್ಣ ಗೊಂದಲ ಎನ್ನುತ್ತಾರೆ. ಗೊಂದಲದ ಗಾತ್ರವನ್ನು ಅಳೆಯುವ ಹಕ್ಕು ಅದನ್ನು ಮಾಡಿದವರಿಗೆ ಇಲ್ಲವೆಂದು ನಂಬಿರುವುದರಿಂದ ನಾನೇ ಅಳೆದು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಬಿಲ್ಡರುಗಳಿಗೆ ಸಿಮೆಂಟು ಧಾರಾಳವಾಗಿ ಸಿಗುತ್ತಿತ್ತು, ಹೆಸರುಗಳಿಗೆ ಮಾತ್ರ ಕ್ಷಾಮವಿತ್ತು. ನಾನು ಕಣ್ಣಾರೆ ಕಂಡ ಲೇಕ್ ವ್ಯೂಗಳೇ ನಾಲ್ಕು. ಠಾಣೆಯದಕ್ಕೆ ನಿಜವಾಗಿಯೂ ಒಂದು ಕೆರೆ ಇತ್ತು. ಅಡುಗೆಮನೆಯ ಕಿಟಕಿಯಿಂದ ಸೊಂಟದವರೆಗೆ ಹೊರಗೆ ಬಾಗಿದರೆ, ಹಿಂದಿನಿಂದ ಯಾರಾದರೂ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ, ಅದು ಕಾಣುತ್ತಲೂ ಇತ್ತು. ಕಲ್ಯಾಣದ ಲೇಕ್ ವ್ಯೂ ಒಂದು ಹಳೆಯ, ದೊಡ್ಡ ಕೆರೆಗೆ ಬೆನ್ನು ತಿರುಗಿಸಿ ಕಟ್ಟಿದ ಕಟ್ಟಡ. ಅಲ್ಲಿ ಕೆರೆಯ ನೋಟದ ಭಾಗ್ಯ ಬಚ್ಚಲುಮನೆಗಳಿಗೆ ಮಾತ್ರ. ನವಿ ಮುಂಬಯಿಯಲ್ಲಿ ಉಬ್ಬರದ ನೀರು ಊರೊಳಗೆ ನುಗ್ಗದಿರಲೆಂದು ಯೋಜಕರು ತೋಡಿಸಿದ ಹೊಂಡವೊಂದಿತ್ತು. ಸರಕಾರ ಅದನ್ನು ಹೊಂಡವೆಂದೇ ಕರೆಯಿತು, ಬಿಲ್ಡರು ಲೇಕ್ ಎಂದ, ಸೊಳ್ಳೆಗಳು ಎರಡನ್ನೂ ಒಪ್ಪಿಕೊಂಡವು.

ಇನ್ನು ನಮ್ಮ ಡೊಂಬಿವಲಿಯದು. ಎದುರು ನಿವೇಶನದಲ್ಲಿ ಯಾರೋ ಕಟ್ಟಡಕ್ಕೆಂದು ಪಾಯ ತೋಡಿದ್ದರು. ದಾಯಾದಿಗಳ ವ್ಯಾಜ್ಯ ಕೋರ್ಟಿಗೆ ಹೋಗಿ ಕೆಲಸ ನಿಂತಿತು, ಮಳೆಗಾಲ ಬಂದು ಪಾಯ ತುಂಬಿತು. ನಮ್ಮ ಬಿಲ್ಡರು ಆ ನೀರು ಇಂಗುವ ಮೊದಲೇ ಬೋರ್ಡು ಬರೆಸಿದ. ನಾವು ಒಕ್ಕಲು ಬಂದ ಸ್ವಲ್ಪ ಕಾಲಕ್ಕೆ ದಾಯಾದಿಗಳು ರಾಜಿಯಾದರು, ಲೇಕ್ ಮುಚ್ಚಿತು, ಅದರ ಮೇಲೆ ಎದ್ದ ಕಟ್ಟಡಕ್ಕೆ ಗಾರ್ಡನ್ ವ್ಯೂ ಎಂದು ಹೆಸರಾಯಿತು. ಅಲ್ಲಿ ಗಾರ್ಡನ್ ಎಲ್ಲಿದೆ ಎಂದು ಕೇಳಿದರೆ ನಮ್ಮ ಬಾಲ್ಕನಿಯ ತುಳಸಿಯ ಕಡೆ ಕೈ ತೋರಿಸುತ್ತಿದ್ದರು. ಅದೇ ವರ್ಷಗಳಲ್ಲಿ ಬೊಂಬಾಯಿಯ ಹೆಸರನ್ನೇ ಬದಲಿಸುವ ಧೈರ್ಯ ಮಾಡಿದವರಿದ್ದರು. ಇಲ್ಲದ ಕೆರೆಯ ಹೆಸರು ಅಳಿಸುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ.

ಈ ರೋಗ ಬಿಲ್ಡರುಗಳಿಗೆ ಮಾತ್ರ ತಗುಲಿತ್ತೆಂದು ಹೇಳಿದರೆ ನಮ್ಮ ಸಾಹಿತಿಗಳಿಗೆ ಅನ್ಯಾಯವಾಗುತ್ತದೆ. ಸಂಘದ ಆ ವರ್ಷದ ಸ್ಮರಣ ಸಂಚಿಕೆಯಲ್ಲಿ ಅಧ್ಯಕ್ಷರ ಕವಿತೆಗೆ ‘ಕೆರೆಯ ನೋಟ’ ಎಂದು ಹೆಸರು. ಕೋಶಾಧಿಕಾರಿಗಳ ಪ್ರವಾಸ ಲೇಖನಕ್ಕೂ ‘ಕೆರೆಯ ನೋಟ’. ಅಧ್ಯಕ್ಷರ ಶ್ರೀಮತಿಯವರು ಬಿಡಿಸಿದ, ಎರಡು ಬಾತುಕೋಳಿಗಳಿರುವ ಚಿತ್ರದ ಅಡಿಯಲ್ಲೂ ಅದೇ. ಮೂವರೂ ನೋಡಿದ್ದು ಠಾಣೆಯ ಒಂದೇ ಕೆರೆಯನ್ನು, ಬಹುಶಃ ಒಂದೇ ಬೆಂಚಿನ ಮೇಲೆ ಕುಳಿತು. ಒಂದು ಹೆಸರಿನಿಂದ ಒಂದು ವಸ್ತುವನ್ನು ಗುರುತಿಸಬೇಕೆಂಬ ಅಭ್ಯಾಸವೇ ಇಲ್ಲದ ಇಂಥವರ ಕೈಗೆ ನನ್ನ ವಿಳಾಸ ಸಿಕ್ಕಿತು.

ನನ್ನ ತರಗತಿಯ ಬಗ್ಗೆ ಎರಡು ಮಾತು. ಉಡುಪಿ ಕಡೆಯಿಂದ ಬಂದು, ಬಂದರಿನ ಕಚೇರಿಯೊಂದರಲ್ಲಿ ದುಡಿದು ನಿವೃತ್ತನಾದ ಮೇಲೆ ನಾನು ಆರಂಭಿಸಿದ ಕೆಲಸ ಅದು. ಮನೆಯಲ್ಲಿ ತುಳುವೋ ಕನ್ನಡವೋ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುವ ಮಕ್ಕಳು ನೀರಿನ ಟ್ಯಾಂಕಿನ ನೆರಳಿನಲ್ಲಿ ಚಾಪೆ ಹಾಸಿ ಕೂರುತ್ತಿದ್ದರು. ಗೋಡೆಗೆ ಕಪ್ಪು ಹಲಗೆ ಒರಗಿಸಿ ನಾನು ಅ ಆ ಇ ಈ ಬರೆಯುತ್ತಿದ್ದೆ. ಫೀಸು ಇಲ್ಲ, ಪರೀಕ್ಷೆ ಇಲ್ಲ. ಪಾಠ ಮುಗಿದ ಮೇಲೆ ನನ್ನ ಹೆಂಡತಿ ಎಲ್ಲರಿಗೂ ಅವಲಕ್ಕಿ ಕೊಡುತ್ತಿದ್ದಳು. ಮಕ್ಕಳು ಅಕ್ಷರಕ್ಕೆ ಬರುತ್ತಿದ್ದರೋ ಅವಲಕ್ಕಿಗೋ ಎಂದು ಕೇಳುವವರಿದ್ದರು. ಅವರ ಹೆಸರುಗಳೂ ನನಗೆ ನೆನಪಿವೆ, ಬರೆಯುವುದಿಲ್ಲ.

ನಮ್ಮ ಕಟ್ಟಡದ ಸೊಸೈಟಿಯ ಚೇರ್ಮನ್ನರಿಗೆ ಈ ತರಗತಿ ಕಣ್ಣಿಗೆ ಬಿದ್ದ ಕಸವಾಗಿತ್ತು. ತಾರಸಿಯ ಮೇಲೆ ಅವರ ಮನೆಯ ಹಪ್ಪಳ ಒಣಗಬೇಕಿತ್ತು. ಮಕ್ಕಳ ಓಡಾಟಕ್ಕೆ ಮೇಲಿನ ಮಹಡಿಯವರ ನಿದ್ದೆ ಕೆಡುತ್ತದೆಂದು ಮೀಟಿಂಗಿನಲ್ಲಿ ಹೇಳಿದರು. ಮೇಲಿನ ಮಹಡಿಯವರೆಂದರೆ ಅವರೇ. ಕೊನೆಗೆ ಒಂದು ದಾರಿ ಕೊಟ್ಟರು.

“ಕಾಕಾ, ಇದು ಪ್ರೈವೇಟ್ ಟ್ಯೂಷನ್ ಅಲ್ಲ, ಸಮಾಜಸೇವೆ ಅಂತ ಕಮಿಟಿಗೆ ಏನಾದ್ರೂ ತೋರಿಸಿ. ಪೇಪರಲ್ಲಿ ಬಂದ್ರೆ ಬಹುತ್ ಅಚ್ಛಾ. ಆಮೇಲೆ ಯಾರೂ ಬಾಯಿ ತೆಗೆಯೋದಿಲ್ಲ,” ಎಂದು ಅವರು ಮರಾಠಿ ಹಿಂದಿ ಬೆರೆಸಿ ಹೇಳಿದ್ದರ ಸಾರ.

ಸರಿಯಾಗಿ ಆ ವಾರವೇ ಸಂಘದ ಅಧ್ಯಕ್ಷರೂ ಕಾರ್ಯದರ್ಶಿಯೂ ತೆಂಗಿನಕಾಯಿ, ಆಮಂತ್ರಣ ಪತ್ರಿಕೆ ಹಿಡಿದು ನಮ್ಮ ಮನೆಗೆ ಬಂದರು. ಹೀಗಾಗಿ ಸನ್ಮಾನವೆಂದರೆ ನನಗೆ ಶಾಲಿನ ಆಸೆಯೆಂದು ಯಾರೂ ತಿಳಿಯಬೇಕಿಲ್ಲ. ನನಗೆ ಬೇಕಿದ್ದದ್ದು ತಾರಸಿ. ಇಬ್ಬರೂ ನನ್ನ ಎದುರು ಕುಳಿತು, ನನ್ನ ಮುಖವನ್ನು ಚೆನ್ನಾಗಿ ನೋಡಿ, ನನ್ನ ಹೆಂಡತಿ ಮಾಡಿದ ನೀರುದೋಸೆಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು ತಿಂದರು.

“ಮಾಷ್ಟ್ರೇ, ನೀವಿಲ್ಲದಿದ್ರೆ ಈ ವರ್ಷ ಕಾರ್ಯಕ್ರಮವೇ ಇಲ್ಲ ಅಂತ ತಿಳ್ಕೊಳ್ಳಿ,” ಎಂದರು ಅಧ್ಯಕ್ಷರು.

ನಾನೇ ಲೋಕಲ್ ರೈಲು ಹಿಡಿದು ಬರುತ್ತೇನೆ ಎಂದದ್ದಕ್ಕೆ ಕಾರ್ಯದರ್ಶಿಗಳು ಕಿವಿ ಮುಚ್ಚಿಕೊಂಡರು. “ಛೆ ಛೆ, ಸನ್ಮಾನಿತರು ತಾವಾಗಿ ನಡ್ಕೊಂಡು ಬಂದ್ರೆ ಸಂಘಕ್ಕೆ ಅವಮಾನ. ನಮ್ಮ ಪದ್ಧತಿ ಹಾಗಿಲ್ಲ. ವ್ಯಾನ್ ಬರ್ತದೆ. ನೀವು ಪಂಚೆ ಉಟ್ಟು ತಯಾರಾಗಿ ಕೂತ್ಕೊಳ್ಳಿ, ಸಾಕು.”

ಪದ್ಧತಿಯೆಂದರೆ ನನಗೆ ಗೌರವ. ಕಾರ್ಯಕ್ರಮದ ಭಾನುವಾರ ಬೆಳಿಗ್ಗೆಯೇ ಜರಿ ಪಂಚೆ ಉಟ್ಟು, ಇಸ್ತ್ರಿ ಕೆಡದಂತೆ ಕುರ್ಚಿಯ ಅಂಚಿನಲ್ಲಿ ಕುಳಿತೆ. ಪ್ರಾರ್ಥನೆ ಹಾಡಬೇಕಿದ್ದ ನನ್ನ ವಿದ್ಯಾರ್ಥಿಗಳು ಒಬ್ಬ ತಾಯಿಯ ಜೊತೆ ಲೋಕಲ್ ಹಿಡಿದು ಮೊದಲೇ ಠಾಣೆಗೆ ಹೋಗಿದ್ದರು. ವ್ಯಾನ್ ಬರಲಿಲ್ಲ. ಕೆಳಗೆ ಯಾವ ಹಾರ್ನ್ ಕೇಳಿದರೂ ನನ್ನ ಹೆಂಡತಿ ಬಾಲ್ಕನಿಗೆ ಹೋಗಿ ಬರುತ್ತಿದ್ದಳು. ಒಮ್ಮೆ ಗ್ಯಾಸ್ ಸಿಲಿಂಡರಿನ ಗಾಡಿ, ಒಮ್ಮೆ ಯಾರದೋ ಮನೆ ಖಾಲಿ ಮಾಡುವ ಟೆಂಪೊ.

“ಅಲ್ಲ ಮಾರಾಯ್ರೆ, ನೀವು ಸುಮ್ನೆ ಲೋಕಲ್ ಹಿಡ್ದು ಹೋಗಬಾರದಾ?” ಎಂದಳು.

“ಕರೆದುಕೊಂಡು ಹೋಗುತ್ತೇವೆ ಎಂದವರಿಗೆ ಮಾತು ಉಳಿಸಿಕೊಳ್ಳುವ ಅವಕಾಶ ಕೊಡಬೇಕು,” ಎಂದೆ.

“ಅವಕಾಶ ಕೊಡ್ತಾ ಇರಿ. ಪಂಚೆಯಾದ್ರೂ ಬಿಚ್ಚಿಡಿ. ಊಟ ಬಡಿಸ್ತೇನೆ, ಸಾರಿನ ಕಲೆ ಆದ್ರೆ ಮುಂದಿನ ಸನ್ಮಾನಕ್ಕೆ ಆಗುದಿಲ್ಲ.”

ನಮ್ಮ ಮನೆಯಲ್ಲಿ ವ್ಯಂಗ್ಯದ ದಾಸ್ತಾನು ನನ್ನೊಬ್ಬನಲ್ಲೇ ಇದ್ದದ್ದಲ್ಲ. ಕೊನೆಗೆ ಪಂಚೆಯಲ್ಲೇ ಇಳಿದು ಹೋಗಿ, ಮೂಲೆಯ ಟೆಲಿಫೋನ್ ಬೂತಿನಿಂದ ಸಭಾಂಗಣಕ್ಕೆ ಫೋನು ಹಚ್ಚಿದೆ. ಎತ್ತಿದವನು ಅಲ್ಲಿನ ಮೇಲ್ವಿಚಾರಕ. ನಾನು ಸನ್ಮಾನದ ವಿಚಾರ ಕೇಳಿದೆ.

“ಸತ್ಕಾರ್ ತೋ ಹೋ ಗಯಾ, ಸಾಬ್,” ಎಂದ. “ಅಭೀ ಖಾನಾ ಚಲ್ ರಹಾ ಹೈ.” ಸನ್ಮಾನ ಮುಗಿದು ಊಟ ನಡೆಯುತ್ತಿತ್ತು.

“ಯಾರ ಸತ್ಕಾರ?”

“ವೋ ಡೊಂಬಿವಲಿವಾಲೇ ಮಾಸ್ಟರ್‌ಜೀ ಕಾ. ಬುಲಾವೂಂ ಕ್ಯಾ? ಜಿಲೇಬಿ ಖಾ ರಹೇ ಹೈಂ.”

ನಾನು ಜಿಲೇಬಿ ತಿನ್ನುತ್ತಿದ್ದೇನೆಂಬ ಸುದ್ದಿಯನ್ನು ಬೂತಿನಲ್ಲಿ ಹಸಿದ ಹೊಟ್ಟೆಯಲ್ಲಿ ನಿಂತು ಕೇಳಿಸಿಕೊಂಡು ಫೋನು ಇಟ್ಟೆ.

ಸಭೆಯಲ್ಲಿ ನಡೆದದ್ದನ್ನು ಮಕ್ಕಳ ಜೊತೆ ಹೋಗಿದ್ದ ಆ ತಾಯಿ ಸಂಜೆ ಬಂದು ಹೇಳಿದರು. ವ್ಯಾನಿನ ಜವಾಬ್ದಾರಿ ಇದ್ದದ್ದು ಹೊಸದಾಗಿ ಆಯ್ಕೆಯಾದ ಸಹಕಾರ್ಯದರ್ಶಿಗೆ. ಆತ ಹಾರಗಳಿಗೆಂದು ಕಲ್ಯಾಣದ ಹೂವಿನ ಮಾರುಕಟ್ಟೆಗೆ ಹೋಗಿದ್ದ. ಬರುವಾಗ ಲೇಕ್ ವ್ಯೂದಿಂದ ಕನ್ನಡ ಮಾಷ್ಟ್ರನ್ನು ಕೂರಿಸಿಕೊಂಡು ಬಾ ಎಂದಷ್ಟೇ ಹೇಳಿ ಕಳುಹಿಸಿದ್ದರು. ದಾರಿಯಲ್ಲಿ ಲೇಕ್ ವ್ಯೂ ಎಂಬ ಬೋರ್ಡು ಕಂಡಿತು. ವಾಚ್‌ಮನ್‌ನನ್ನು ಕೇಳಿದ, ಕನ್ನಡದ ಒಬ್ಬ ವಯಸ್ಸಾದವರು ಇದ್ದಾರೆಯೇ ಎಂದು. ಇದ್ದರು. ಹುಡುಕುವ ಶ್ರಮ ತಪ್ಪಿತೆಂದು ಆತ ಖುಷಿಪಟ್ಟಿರಬೇಕು.

ಮುಖ್ಯ ಅತಿಥಿಗಳಿಗೆ ಅವಸರವಿದ್ದುದರಿಂದ ಸನ್ಮಾನವನ್ನೇ ಮೊದಲು ಮಾಡಿದರು. ವ್ಯಾನಿನಿಂದ ಇಳಿದವರನ್ನು ನೇರ ವೇದಿಕೆಗೆ ಹತ್ತಿಸಿದರು. ಅಧ್ಯಕ್ಷರು ಬಾಗಿಲಿನ ಬಳಿ ಇನ್ನಾರಿಗೋ ಕೈ ಮುಗಿಯುತ್ತಿದ್ದರು. ತಿರುಗಿ ನೋಡುವಷ್ಟರಲ್ಲಿ ಪೇಟ ತಲೆಯ ಮೇಲಿತ್ತು.

“ನಾನು ಸೈಡಿಗೆ ಹೋಗಿ ಕಾರ್ಯದರ್ಶಿಗೆ ಹೇಳಿದೆ ಮಾಷ್ಟ್ರೇ, ಇವರು ನಮ್ಮ ಮಾಷ್ಟ್ರಲ್ಲ ಅಂತ,” ಎಂದರು ಆ ತಾಯಿ. “ಅವರು ಹಣೆ ಒರೆಸ್ಕೊಂಡು, ಗೊತ್ತಾಯ್ತು ಅಮ್ಮಾ, ಆದ್ರೆ ಪೇಟ ಇಟ್ಟಾಗಿದೆ, ಈಗ ತೆಗೀಲಿಕ್ಕಾಗ್ತದಾ ಅಂದ್ರು.”

“ಮಕ್ಕಳು?”

“ಮೊದಲ ಸಾಲಲ್ಲೇ ಇದ್ರು. ನನ್ನ ಮಗಳು, ಮಮ್ಮೀ ಯೇ ಅಪ್ನೇ ಸರ್ ನಹೀಂ ಹೈಂ ಅಂತ ಜೋರಾಗೇ ಅಂದ್ಳು. ಅಧ್ಯಕ್ಷರು ಅವಳ ಕಡೆ ನೋಡಿ, ಚಪ್ಪಾಳೆ ತಟ್ಟಿ ಅಂತ ಸನ್ನೆ ಮಾಡಿದ್ರು. ಮಕ್ಕಳಲ್ವಾ ಮಾಷ್ಟ್ರೇ, ತಟ್ಟಿದ್ರು.”

ಇಲ್ಲಿಯವರೆಗೆ ಕ್ಷಮಿಸಬಹುದಿತ್ತೆಂದು ನನ್ನನ್ನು ಬಲ್ಲವರು ಹೇಳಲಾರರು, ಆದರೆ ಹೇಳುವವರು ಇರಬಹುದು. ಅವರಿಗಾಗಿ ಮುಂದಿನದು. ಸ್ಥಳೀಯ ಪತ್ರಿಕೆಯೊಂದರಲ್ಲಿ ಚಿತ್ರ ಬಂತು. ಪೇಟದ ಕೆಳಗೆ ಅಪರಿಚಿತ ಮುಖ, ಚಿತ್ರದ ಕೆಳಗೆ ನನ್ನ ಸೇವೆಯ ವಿವರ, ತರಗತಿ ನಡೆಯುವ ಜಾಗ ಕಲ್ಯಾಣದ ಲೇಕ್ ವ್ಯೂ. ಸಹಕಾರ್ಯದರ್ಶಿಯನ್ನು ಕೇಳಿ ಬರೆದದ್ದಂತೆ. ನಮ್ಮ ಚೇರ್ಮನ್ನರು ಆ ಪತ್ರಿಕೆಯನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡೇ ಮೀಟಿಂಗಿಗೆ ಬಂದರು.

“ಕಾಕಾ, ಆಪ್ಕಾ ಕ್ಲಾಸ್ ತೋ ಕಲ್ಯಾಣ್ ಮೇಂ ಹೈ ನಾ? ಪೇಪರ್ ಮೇಂ ಛಪಾ ಹೈ.” ಸಭೆ ನಕ್ಕಿತು. “ಫಿರ್ ಯಹಾಂ ಟೆರೇಸ್ ಕಾಹೇಕೋ ಚಾಹಿಯೇ?” ಕ್ಲಾಸು ಕಲ್ಯಾಣದಲ್ಲಿರುವಾಗ ಇಲ್ಲಿ ತಾರಸಿ ಯಾಕೆಂದು ಪ್ರಶ್ನೆ.

ಪತ್ರಿಕೆಯಲ್ಲಿ ಬಂದದ್ದನ್ನು ಒಪ್ಪುತ್ತೇವೆಂದು ಮೊದಲೇ ಮಾತು ಕೊಟ್ಟಿದ್ದವರು ಅವರು, ಮಾತಿಗೆ ತಪ್ಪಲಿಲ್ಲ. ತಾರಸಿಯ ಬಾಗಿಲಿಗೆ ಬೀಗ ಬಿತ್ತು. ಬೀಗದ ಆಚೆ ಹಪ್ಪಳ ನಿಶ್ಚಿಂತೆಯಿಂದ ಒಣಗಿತು.

ನಾನು ಠಾಣೆಗೆ ಹೋಗಿ ಅಧ್ಯಕ್ಷರನ್ನು ಅವರ ಹೋಟೆಲಿನಲ್ಲೇ ಕಂಡೆ. ಪತ್ರಿಕೆಗೆ ಒಂದು ತಿದ್ದುಪಡಿ ಕಳುಹಿಸಿ, ಅಷ್ಟು ಸಾಕು, ತಾರಸಿ ತಿರುಗಿ ಸಿಗುತ್ತದೆ ಎಂದು ವಿವರಿಸಿದೆ. ಅವರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು.

“ಸಿಟ್ಟು ಮಾಡ್ಬೇಡಿ ಮಾಷ್ಟ್ರೇ. ತಿದ್ದುಪಡಿ ಹಾಕಿದ್ರೆ ಸಂಘದ ಮರ್ಯಾದೆ ಹೋಗ್ತದೆ. ಅವರೂ ಕನ್ನಡದವ್ರೇ ಅಲ್ವಾ? ಒಟ್ಟಿನಲ್ಲಿ ಸನ್ಮಾನ ಆದದ್ದು ಕನ್ನಡಕ್ಕೇ.”

“ನಿಮ್ಮ ಮಗಳ ಧಾರೆಯ ದಿನ ಮಂಟಪದಲ್ಲಿ ಬೇರೆ ಯಾರೋ ಕನ್ನಡದ ಹುಡುಗ ಬಂದು ಕುಳಿತರೂ ಮದುವೆ ಕನ್ನಡಕ್ಕೇ ಆಯಿತೆಂದು ಅಕ್ಷತೆ ಹಾಕಿಸುತ್ತೀರಾ?”

ಅವರು ಉತ್ತರಕ್ಕೆ ಬದಲಾಗಿ ಕಾಫಿ ತರಿಸಿದರು. ಅದರಲ್ಲಿ ಸಕ್ಕರೆ ಹೆಚ್ಚಾಗಿತ್ತು, ಅದೂ ನನಗೆ ನೆನಪಿದೆ. ಮುಂದಿನ ವರ್ಷ ಖಂಡಿತ ನಿಮಗೇ ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಮುಂದಿನ ವರ್ಷ ಸಮಿತಿಯವರು ಮಹಿಳೆಯರಿಗೆ ಆದ್ಯತೆ ಕೊಟ್ಟರು. ಅದರ ಮುಂದಿನ ವರ್ಷ ಯುವಪ್ರತಿಭೆಗಳಿಗೆ. ಎರಡೂ ಆಗುವ ಯೋಗ್ಯತೆ ನನ್ನಲ್ಲಿರಲಿಲ್ಲ.

ಇನ್ನು ಉಳಿದದ್ದು ಕಲ್ಯಾಣದ ಆ ಮುದುಕರು. ನನ್ನ ಪೇಟ ಧರಿಸಿದ ತಲೆಯನ್ನು ಒಮ್ಮೆ ನೋಡಿಬರಬೇಕೆಂದು ಠಾಕುರ್ಲಿ ಸ್ಟೇಷನ್ ದಾಟಿ ಕಲ್ಯಾಣಕ್ಕೆ ಹೋದೆ. ಆಡಬೇಕಾದ ಮಾತುಗಳನ್ನು ರೈಲಿನಲ್ಲಿ ನಿಂತಲ್ಲೇ ಜೋಡಿಸಿಟ್ಟುಕೊಂಡಿದ್ದೆ, ಒಳ್ಳೆಯ ವಾಕ್ಯಗಳಾಗಿದ್ದವು. ಬಾಗಿಲು ತೆಗೆದವರು ಎತ್ತರದ, ಒಣಗಿದ ದೇಹದ, ನನ್ನದೇ ವಯಸ್ಸಿನ ಮನುಷ್ಯ. ವಿಜಯಪುರದ ಕಡೆಯವರು, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರೆಂದು ಆಮೇಲೆ ತಿಳಿಯಿತು.

“ಡೊಂಬಿವಲಿಯ ಲೇಕ್ ವ್ಯೂದಿಂದ ಬಂದಿದ್ದೇನೆ,” ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಹಂಗಾರ ಆ ಪೇಟ ನಿಮ್ಮದೇನ್ರಿ?”

ರೈಲಿನಲ್ಲಿ ಜೋಡಿಸಿದ ವಾಕ್ಯಗಳನ್ನು ಬಿಟ್ಟು ಹೌದೆಂದು ತಲೆಯಾಡಿಸಿದೆ. ಒಳಗೆ ಕೂರಿಸಿ, ನೀರು ಕೊಟ್ಟು, ಅವರೇ ಮುಂದುವರಿಸಿದರು.

“ನಮ್ಮ ಚೌಕದ ನಾಕಾದಾಗ ದಿನಗೂಲಿಗೆ ನಿಲ್ಲೋ ಮಂದಿ ಅದಾರಲ್ರಿ, ನಮ್ಮ ಕಡೀಯವ್ರು, ಅವ್ರಿಗೆ ಸಂಜೀ ಮುಂದ ನಾ ಕನ್ನಡ ಪೇಪರ್ ಓದಿ ಹೇಳ್ತೀನಿ. ಊರಿನ ಸುದ್ದಿ ಕೇಳ್ತಾರ ಪಾಪ. ಅದಕ್ಕ ಕರದಾರ ಅಂತ ತಿಳದ್ನಿ.”

“ಸನ್ಮಾನ ಪತ್ರ ಓದುವಾಗ ತಿಳಿಯಲಿಲ್ಲವೇ? ಮಕ್ಕಳಿಗೆ ಅಕ್ಷರ ಕಲಿಸಿದವರು ಎಂದರಂತೆ.”

“ಅಂದ್ರು. ಜ್ಞಾನದಾಸೋಹಿ ಅಂದ್ರು, ಕನ್ನಡದ ಕಣ್ಮಣಿ ಅಂದ್ರು. ನಾ ಯಾವ ಕಣ್ಮಣಿರಿ? ಆದ್ರ ಸನ್ಮಾನದಾಗ ಏರಿಸಿ ಹೇಳೂದು ರೂಢಿ ಅಲ್ರಿ. ನನ್ನ ಬಾಜೂಕ ಒಬ್ಬ ಬಿಲ್ಡರ್ ಕುಂತಿದ್ದ. ಅವಗ ಪರಿಸರಪ್ರೇಮಿ ಅಂದ್ರು. ಅವ ಏನರ ಎದ್ದು, ನಾ ಅಲ್ರೀಪಾ ಅಂದ್ನೇನು?”

ನಮ್ಮ ಸಂಘಗಳ ಸನ್ಮಾನ ಪತ್ರವನ್ನು ಕೇಳಿ ಇದು ಬೇರೆಯವರದ್ದು ಎಂದು ಗುರುತಿಸುವುದು ಯಾರಿಂದ ಸಾಧ್ಯ? ಅದನ್ನು ಯಾರಿಗೆ ಓದಿದರೂ ಹೊಂದುವಂತೆ, ಅಂದರೆ ಯಾರಿಗೂ ಹೊಂದದಂತೆ ಬರೆದಿರುತ್ತಾರೆ.

ಅವರು ಎದ್ದು ಕಪಾಟಿನಿಂದ ಶಾಲು, ಪೇಟ ಎರಡನ್ನೂ ತಂದು ನನ್ನ ಮುಂದಿಟ್ಟರು. “ತಗೊಂಡ್ ಹೋಗ್ರಿ. ಹಣ್ಣಷ್ಟ ಖರ್ಚಾಗ್ಯಾವ, ನಾಕಾದ ಮಂದಿ ತಿಂದ್ರು.”

ಪೇಟವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಲೋಕಲ್‌ನಲ್ಲಿ ಮನೆಗೆ ಒಯ್ಯುವುದಕ್ಕೆ ಸನ್ಮಾನ ಎನ್ನುವುದಿಲ್ಲ, ಸಾಮಾನು ಸಾಗಿಸುವುದು ಎನ್ನುತ್ತಾರೆ. ಬೇಡವೆಂದೆ. ತರಗತಿ ನಿಂತಿರುವ ವಿಷಯ ಹೇಳಿದೆ. ಆ ಮನುಷ್ಯನ ಮುಖ ನಿಜವಾಗಿಯೂ ಚಿಕ್ಕದಾಯಿತು. ಇಡೀ ಪ್ರಕರಣದಲ್ಲಿ ಹಾಗೆ ಚಿಕ್ಕದಾದ ಏಕೈಕ ಮುಖ ಅದು.

“ಇಲ್ಲೇ ಕಲಿಸ್ರಲ್ಲ,” ಎಂದರು. “ನಮ್ಮ ಸೊಸೈಟಿಯವ್ರು ಪೇಪರ್ ನೋಡಿ ಭಾಳ ಖುಷಿ ಆಗ್ಯಾರ. ಮಕ್ಕಳ ಎಲ್ಲಿ, ಕ್ಲಾಸ್ ಯಾವಾಗ ಅಂತ ದಿನಾ ನನ್ನ ಕೇಳ್ತಾರ. ಏನ್ ಹೇಳ್ಲಿ ನಾ? ಟೆರೇಸಿನ ಕೀಲಿ ಸೈತ ಕೊಟ್ಟಾರ.”

ಹೀಗೆ ಪತ್ರಿಕೆಯಲ್ಲಿ ಬಂದ ಸುಳ್ಳನ್ನು ನಿಜ ಮಾಡುವ ಕೆಲಸವೂ ನನ್ನ ಪಾಲಿಗೇ ಬಂತು. ಕೆಲವು ವರ್ಷ ಭಾನುವಾರ ಬೆಳಿಗ್ಗೆ ನಾನು ಕಲ್ಯಾಣದ ಲೇಕ್ ವ್ಯೂದ ತಾರಸಿಯಲ್ಲಿ ಪಾಠ ಮಾಡಿದೆ. ನಾಕಾದ ಕೂಲಿಕಾರರ ಮಕ್ಕಳು ಬಂದರು, ಚೆನ್ನಾಗಿಯೂ ಕಲಿತರು. ಪೇಟ ತೊಟ್ಟಿದ್ದ ಆ ಹಿರಿಯರು ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕುಳಿತು, ನಾನು ಹೇಳಿದ್ದನ್ನೆಲ್ಲ ತಲೆದೂಗಿ ಕೇಳುತ್ತಿದ್ದರು. ತಾರಸಿಯಿಂದ ಕೆರೆ ಪೂರ್ತಿಯಾಗಿ ಕಾಣುತ್ತಿತ್ತು ಎಂಬುದನ್ನೂ ದಾಖಲಿಸಬೇಕು. ಹೆಸರಿಗೆ ತಕ್ಕ ನೋಟವನ್ನು ನಾನು ಕಂಡದ್ದು ಅಲ್ಲಿ ಮಾತ್ರ. ಆದರೆ ನನ್ನ ಡೊಂಬಿವಲಿಯ ಮಕ್ಕಳು ಬರಲಿಲ್ಲ. ಆ ಗರ್ದಿಯ ಲೋಕಲ್‌ನಲ್ಲಿ ಮಕ್ಕಳನ್ನು ಅಕ್ಷರಕ್ಕೋಸ್ಕರ ಯಾರು ಕಳುಹಿಸುತ್ತಾರೆ? ಕಾಗುಣಿತದವರೆಗೆ ಬಂದವರು ಕಾಗುಣಿತದಲ್ಲೇ ಉಳಿದರು.

ದಶಕದ ಕೊನೆಗೆ ಒಂದು ದಿನ ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ನಿಲ್ಲಿಸಿ ಕಾಲು ಮುಟ್ಟಿದಳು. ಮೊದಲ ಸಾಲಿನಲ್ಲಿ ಕುಳಿತು, ಇವರು ನಮ್ಮ ಸರ್ ಅಲ್ಲ ಎಂದಿದ್ದವಳು ಅವಳು. ಊರಿಗೆ ಹೋದಾಗ ಬಸ್ಸಿನ ಬೋರ್ಡು ಓದುತ್ತೇನೆ ಸರ್ ಎಂದಳು ಹಿಂದಿಯಲ್ಲಿ. “ಲೇಕಿನ್ ಒತ್ತಕ್ಷರ್ ಆಯಾ ತೋ ರುಕ್ ಜಾತೀ ಹೂಂ. ವೋ ಆಪ್ನೇ ಸಿಖಾಯಾ ನಹೀಂ ಥಾ.” ಒತ್ತಕ್ಷರ ಬಂದರೆ ಅಲ್ಲೇ ನಿಂತುಬಿಡುತ್ತಾಳಂತೆ, ಅದನ್ನು ನಾನು ಕಲಿಸಿರಲಿಲ್ಲವಂತೆ. ಅವಳ ಲೋಕಲ್ ಬಂತು, ಹತ್ತಿಕೊಂಡಳು. ಒತ್ತಕ್ಷರದ ಪಾಠ ಸನ್ಮಾನದ ಮುಂದಿನ ಭಾನುವಾರಕ್ಕೆ ಇತ್ತೆಂದು ಹೇಳಲು ನನಗೆ ಸಮಯ ಸಿಗಲಿಲ್ಲ.

ಆದ್ದರಿಂದ ಅಂದಿನ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಬಿಲ್ಡರುಗಳ ಹೆಸರಿನ ಬಡತನವನ್ನು ನಾನು ನಿಮ್ಮ ತಲೆಗೆ ಕಟ್ಟುವುದಿಲ್ಲ. ನಾಲ್ಕು ಕಟ್ಟಡಗಳಿಗೆ ಒಂದೇ ಹೆಸರಿಟ್ಟದ್ದು ನೀವಲ್ಲ. ಆದರೆ ನನ್ನ ಮನೆಯಲ್ಲಿ ಕುಳಿತು ನನ್ನ ಮುಖ ನೋಡಿದವರು ನೀವಿಬ್ಬರು. ವೇದಿಕೆಯ ಮೇಲಿರುವುದು ಆ ಮುಖವಲ್ಲವೆಂದು ಮೊದಲ ಸಾಲಿನ ಒಂದು ಮಗು ಬಾಯಿಬಿಟ್ಟು ಹೇಳಿದ ಮೇಲೂ, ಅದಕ್ಕೆ ಚಪ್ಪಾಳೆ ತಟ್ಟಲು ಸನ್ನೆ ಮಾಡಿದಿರಲ್ಲ, ಆ ಚಪ್ಪಾಳೆ ಯಾರಿಗೆ ಸಲ್ಲಬೇಕೆಂದು ತಿಳಿದು ಮಾಡಿಸಿದಿರಿ?